ಆರ್ಕಿಟೆಕ್ಚರ್ ಮೊದಲ ವರ್ಷ: ಡ್ರಾಯಿಂಗ್ ಕೈಗೆ ಹತ್ತೋದು ಹೇಗೆ?

ಪ್ರಶ್ನೆ: ಶಿರಸಿ ಕಡೆಯವಳು, ಈ ವರ್ಷ ಬೆಂಗಳೂರಲ್ಲಿ ಬಿ.ಆರ್ಕ್ ಸೇರಿದೀನಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ನಾಟಾ ಪ್ರವೇಶ ಪರೀಕ್ಷೆಗೆ ಅಂತ ಕಲಿತಿದ್ದು ಬಿಟ್ಟರೆ ಚಿತ್ರ ಬಿಡಿಸಿ ಅಭ್ಯಾಸ ಇಲ್ಲ. ಕ್ಲಾಸಲ್ಲಿ ಕೆಲವರು ಮನುಷ್ಯರ ಮುಖಾನೂ ತದ್ರೂಪ ಬಿಡಿಸ್ತಾರೆ. ನನ್ನ ಶೀಟ್ ನೋಡಿ ಸರ್ ‘ಫ್ಲಾಟ್ ಆಗಿದೆ’ ಅಂದು ಮುಂದೆ ಹೋಗ್ತಾರೆ. ಸ್ಕೆಚಿಂಗ್ ಕ್ಲಾಸ್ ಸೇರಲಾ? ಟ್ಯಾಬ್ಲೆಟ್ ಈಗಲೇ ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ನಾಲ್ಕನೇ ವರ್ಷದ ವಿದ್ಯಾರ್ಥಿನಿ, ಮೈಸೂರು: ಮುಖ ಬಿಡಿಸೋರನ್ನ ನೋಡಿ ತಲೆ ಕೆಡಿಸ್ಕೋಬೇಡ. ನಮ್ಮ ಬ್ಯಾಚಲ್ಲಿ ಶೇಡಿಂಗ್‌ನಲ್ಲಿ ಎತ್ತಿದ ಕೈ ಅನ್ನಿಸ್ಕೊಂಡವನ ಪ್ಲ್ಯಾನ್ ನೋಡಿದ್ರೆ ಮೆಟ್ಟಿಲು ಎಲ್ಲಿ ಹತ್ತುತ್ತೆ ಅಂತಾನೇ ಗೊತ್ತಾಗ್ತಿರಲಿಲ್ಲ. ನೀನು ಪಕ್ಕದಲ್ಲಿ ನಿಂತು ವಿವರಿಸದೇ ಇದ್ರೂ ಶೀಟ್ ಓದೋಕೆ ಬರಬೇಕು, ಅಷ್ಟೇ ಇಲ್ಲಿ ಕೇಳೋದು.

‘ಫ್ಲಾಟ್’ ಅಂದಿದ್ದು ಬಹುಶಃ ಲೈನ್‌ವೇಟ್ ಬಗ್ಗೆ, ಅಂದ್ರೆ ಗೆರೆಗಳ ದಪ್ಪ-ತೆಳು ವ್ಯತ್ಯಾಸದ ಬಗ್ಗೆ. ಸೆಕ್ಷನ್‌ನಲ್ಲಿ, ಅಂದ್ರೆ ಕಟ್ಟಡವನ್ನ ನೆಟ್ಟಗೆ ಕೊಯ್ದ ಹಾಗೆ ಒಳಗನ್ನ ತೋರಿಸೋ ಡ್ರಾಯಿಂಗಲ್ಲಿ, ಕಟ್ ಆದ ಗೋಡೆ, ಸ್ಲ್ಯಾಬ್, ನೆಲದ ಗೆರೆ 0.5 ಮಿ.ಮೀ. ಪೆನ್ನಲ್ಲಿ ಹಾಕು. ಹಿಂದೆ ಕಾಣೋ ಕಿಟಕಿ, ಬಾಗಿಲ ಚೌಕಟ್ಟಿಗೆ 0.3. ಹಂಚು, ಟೈಲ್ಸ್, ಮರದ ಎಳೆಗೆ 0.1 ಸಾಕು. ಪೆನ್ಸಿಲ್ಲಾದ್ರೆ 2ಎಚ್‌ನಲ್ಲಿ ಕರಡು ಎಳೆದು, ಕಟ್ ಆದ ಕಡೆ ಮಾತ್ರ 2ಬಿಯಲ್ಲಿ ಒತ್ತು. ಅದೇ ಡ್ರಾಯಿಂಗ್, ಒಂದು ಗೆರೆನೂ ಹೆಚ್ಚಾಗಿರಲ್ಲ, ಆದ್ರೂ ಆಳ ಬಂದುಬಿಡುತ್ತೆ.

ಎಲಿವೇಶನ್‌ಗೆ, ಅಂದ್ರೆ ಕಟ್ಟಡದ ಮುಖ ನೇರ ಎದುರಿಂದ ಕಾಣೋ ಡ್ರಾಯಿಂಗಿಗೆ, ನೆರಳು ಹಾಕು. ಸಿಯೋಗ್ರಫಿ (ನೆರಳನ್ನ ಲೆಕ್ಕ ಹಾಕಿ ಬಿಡಿಸೋದು) ಅಂದ ಕೂಡ್ಲೇ ಎಲ್ಲರೂ ಹೆದರ್ತಾರೆ, ನಿಜಕ್ಕೂ ಸುಲಭ. ಬೆಳಕು ಪ್ಲ್ಯಾನಲ್ಲೂ ಎಲಿವೇಶನಲ್ಲೂ 45 ಡಿಗ್ರಿಯಲ್ಲಿ ಬರುತ್ತೆ ಅಂತ ಇಟ್ಕೊಳ್ಳೋ ಪದ್ಧತಿ ಇದು, ಹಾಗಾಗಿ ಸಜ್ಜಾ ಎರಡಡಿ ಮುಂದೆ ಬಂದಿದ್ರೆ ಗೋಡೆ ಮೇಲಿನ ನೆರಳೂ ಎರಡಡಿ ಇಳಿಯುತ್ತೆ. ಯಾವ ಗೋಡೆ ಮುಂದಿದೆ, ಯಾವುದು ಹಿಂದಿದೆ ಅಂತ ನೆರಳೇ ಹೇಳುತ್ತೆ.

ಹತ್ತು ವರ್ಷದಿಂದ ಪ್ರಾಕ್ಟೀಸ್‌ನಲ್ಲಿರುವವರು, ಬೆಂಗಳೂರು: ಟ್ಯಾಬ್ಲೆಟ್ ಈ ವರ್ಷ ಬೇಡಮ್ಮ. ಝೂಮ್ ಮಾಡ್ಕೊಂಡು ಬಿಡಿಸಿದ್ರೆ ಸ್ಕೇಲ್ ತಲೆಗೆ ಹತ್ತಲ್ಲ. 230 ಮಿ.ಮೀ. ಇಟ್ಟಿಗೆ ಗೋಡೆ 1:100ರಲ್ಲಿ ಬರೀ 2.3 ಮಿ.ಮೀ. ಅದರ ಮೇಲಿನ 12 ಮಿ.ಮೀ. ಪ್ಲಾಸ್ಟರ್ ತೋರಿಸೋಕೆ ಹೋದ್ರೆ ಪೆನ್ನಿನ ಗೆರೆಯೊಳಗೇ ಮುಳುಗಿಹೋಗುತ್ತೆ. ಏನನ್ನ ಬಿಡಬೇಕು ಅನ್ನೋದನ್ನ ಕೈಯಲ್ಲಿ ಬಿಡಿಸಿಯೇ ಕಲೀಬೇಕು. ಆಫೀಸಿಗೆ ಬರೋ ಇಂಟರ್ನ್‌ಗಳಲ್ಲಿ ನಾನು ಮೊದಲು ನೋಡೋದೂ ಅದನ್ನೇ, ಕಂಪ್ಯೂಟರಲ್ಲಿ ಮಾಡಿದ ರೆಂಡರ್ ಚಿತ್ರ ಅಲ್ಲ.

ಸ್ಕೆಚಿಂಗ್ ಕ್ಲಾಸಿನ ದುಡ್ಡಲ್ಲಿ ಕೆಳಗಿನ ಗೆರೆ ಕಾಣೋ ತೆಳು ಬಟರ್ ಪೇಪರ್ ರೋಲ್ ತಗೊ. ಪ್ಲ್ಯಾನ್ ಮೇಲೆ ಹಾಸಿ ತಿದ್ದು, ಅದರ ಮೇಲೆ ಇನ್ನೊಂದು ಹಾಸು. ಹಳೇದನ್ನ ಎಸೀಬೇಡ. ಪರ್ಸ್ಪೆಕ್ಟಿವ್‌ಗೆ (ದೂರ ಹೋದಷ್ಟೂ ಚಿಕ್ಕದಾಗಿ ಕಾಣೋ ಹಾಗೆ ಬಿಡಿಸೋದು) ಕೆ.ಆರ್. ಮಾರ್ಕೆಟ್ ಪಕ್ಕದ ಟಿಪ್ಪು ಅರಮನೆಗೆ ಹೋಗು. 1791ರಲ್ಲಿ ಮುಗಿದ ಮರದ ಕಟ್ಟಡ, ಸಾಲುಗಂಬ, ಕಮಾನು, ಒನ್‌ಪಾಯಿಂಟ್ (ಆಳಕ್ಕೆ ಹೋಗೋ ಗೆರೆಗಳೆಲ್ಲ ಒಂದೇ ಬಿಂದುವಿಗೆ ಸೇರೋ ಪರ್ಸ್ಪೆಕ್ಟಿವ್) ಕಲಿಯೋಕೆ ಅಂತಾನೇ ಕಟ್ಟಿದ ಹಾಗಿದೆ. ಮೊದಲು ನಿನ್ನ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ ಎಳಿ. ಸಮನೆಲದಲ್ಲಿ ನಿನ್ನಷ್ಟೇ ಎತ್ತರದವರು ಹತ್ತಿರ ಇರಲಿ ದೂರ ಇರಲಿ, ಅವರ ಕಣ್ಣು ಆ ಗೆರೆ ಮೇಲೇ ಬರುತ್ತೆ; ಕಾಲು ಮಾತ್ರ ಮೇಲೆ ಕೆಳಗೆ ಆಗುತ್ತೆ. ಜನರನ್ನ ಹಾಕೋಕೆ ಹೆದರೋರಿಗೆ ಇಷ್ಟು ಸಾಕು.

ಕೊನೇ ವರ್ಷ, ಹುಬ್ಬಳ್ಳಿ: ಟ್ಯಾಬ್ಲೆಟ್ ಬೇಡ್ವೇ ಬೇಡ ಅನ್ನೂದನ್ನ ನಾ ಒಪ್ಪಂಗಿಲ್ಲ. ಎರಡನೇ ವರ್ಷದಾಗ ಸೈಟ್ ಫೋಟೋ ಮ್ಯಾಲೆ ಲೇಯರ್ ಹಾಕಿ ಯೋಚನೆ ಮಾಡೂದು ನನಗ ಭಾಳ ಉಪಯೋಗ ಆತು. ಸಾಲ ಮಾಡಿ ತಗೋಬ್ಯಾಡ, ಅಷ್ಟ.

ಜೂರಿ, ಅಂದ್ರ ನಮ್ಮ ಶೀಟ್ ನೋಡಿ ಪ್ರಶ್ನೆ ಕೇಳೂ ಪರೀಕ್ಷಕರು, ಅವರ ಬಗ್ಗೆ ಒಂದ್ ಮಾತು. ಎ1 ಶೀಟ್ ಗ್ವಾಡಿಗೆ ಹಚ್ಚಿ ಆರಡಿ ಹಿಂದ ಸರಿದು ನೋಡು. ಅಲ್ಲಿಂದ ಕಾಣಲಾರದ್ದು ಜೂರಿಗೂ ಕಾಣಂಗಿಲ್ಲ. ಪ್ಲ್ಯಾನ್ ಮ್ಯಾಲೆ ಸೆಕ್ಷನ್ ನೆಟ್ಟಗ ಕೂಡಿಸು, ಗ್ವಾಡಿ ಗ್ವಾಡಿಗೆ ಹೊಂದಬೇಕು. ಇಂಗ್ಲಿಷ್ ಅಂಜಿಕಿ ಇದ್ರ ಕಾನ್ಸೆಪ್ಟ್ ಅಂತ ಶುರು ಮಾಡಬ್ಯಾಡ, ಬಾಗಲ ಮ್ಯಾಲೆ ಬಟ್ಟಿಟ್ಟು ‘ಇಲ್ಲಿಂದ ಒಳಗ ಬರ್ತೀವಿ’ ಅಂತ ನಡಕೋತ ಹೋಗು. ನಡುವ ಕನ್ನಡ ಬಂದ್ರ ಬರಲಿ.

ಮತ್ತೆ ಮೈಸೂರಿನವಳು: ಶಿರಸಿ ಅಂದ್ಯಲ್ಲ, ರಜೆಗೆ ಹೋದಾಗ ನಿಮ್ಮ ಮನೇನೇ ಅಳತೆ ಮಾಡಿ ಬಿಡಿಸು. ಇಳಿಜಾರು ಛಾವಣಿ, ಜಗಲಿ, ಅಡಿಕೆ ಅಂಗಳ, ಎಲ್ಲ ಸೆಕ್ಷನ್‌ನಲ್ಲೇ ಚೆನ್ನಾಗಿ ಕಾಣೋದು. ಗೋಡೆ, ಬಾಗಿಲು, ಗೋಡೆ ಅಂತ ತುಂಡು ತುಂಡಾಗಿ ಅಳೀಬೇಡ, ಸಣ್ಣ ಸಣ್ಣ ತಪ್ಪು ಕೂಡ್ತಾ ಹೋಗುತ್ತೆ. ಟೇಪಿನ ಸೊನ್ನೆ ಮೂಲೇಲೇ ಇರಲಿ, ಅಲ್ಲಿಂದಲೇ ಒಂದೊಂದು ಅಂಚಿನ ಅಳತೆ ಬರ್ಕೊ. ಕೋಣೆಯ ಕರ್ಣ ಮರೀಬೇಡ: 12 ಅಡಿಗೆ 9 ಅಡಿ ಕೋಣೆ ಮಟ್ಟಸವಾಗಿದ್ರೆ ಎರಡೂ ಕರ್ಣ 15 ಬರಬೇಕು. ಹಳೇ ಮಣ್ಣಿನ ಗೋಡೆ ಮನೇಲಿ ಹಾಗೆ ಬರೋದು ಅಪರೂಪ, ಬಂದಿದ್ದನ್ನೇ ಬಿಡಿಸು.

ಕೇಳಿದವಳು: ದೀಪಾವಳಿಗೆ ಹೋಗ್ತಿದೀನಿ. ಟೇಪ್ ಎಷ್ಟುದ್ದದ್ದು ತಗೊಳ್ಳಲಿ?

ಮೈಸೂರಿನವಳು: ಒಳಗಡೆಗೆ 5 ಮೀಟರ್ ಸ್ಟೀಲ್ ಟೇಪ್, ಅಂಗಳಕ್ಕೆ 30 ಮೀಟರ್‌ದು. ಆ ತುದಿ ಹಿಡಿಯೋಕೆ ಒಬ್ಬರು ಬೇಕೇಬೇಕು, ಮನೇಲಿ ಯಾರಿಗಾದ್ರೂ ಈಗಲೇ ಹೇಳಿಡು.