300 ಮೀಟರ್ ಕನ್ವೇಯರ್ ಮಾಡೆಲ್ ತುಂಬಾ ನಿಧಾನ, ರ‍್ಯಾಮ್ ಹಾಕಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಬಳ್ಳಾರಿಯ ಒಂದು ಫ್ಯಾಬ್ರಿಕೇಷನ್ ಶಾಪ್‌ನಲ್ಲಿ ಡಿಸೈನ್ ನೋಡಿಕೊಳ್ಳುತ್ತೇನೆ. ಸಂಡೂರು ಕಡೆಯ ಗಣಿಯೊಂದಕ್ಕೆ ಅದಿರು ಸಾಗಿಸುವ 300 ಮೀಟರ್ ಬೆಲ್ಟ್ ಕನ್ವೇಯರ್ ಮಾಡುತ್ತಿದ್ದೇವೆ. ಸಾಲಿಡ್‌ವರ್ಕ್ಸ್‌ನಲ್ಲಿ (3ಡಿ ಡಿಸೈನ್ ಸಾಫ್ಟ್‌ವೇರ್) ಪೂರ್ತಿ ಅಸೆಂಬ್ಲಿ, ಅಂದರೆ ಎಲ್ಲ ಪಾರ್ಟ್ ಜೋಡಿಸಿದ ಮಾಡೆಲ್, ತೆರೆದರೆ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಲೋಡ್ ಆಗುತ್ತಲೇ ಇರುತ್ತದೆ, ಒಂದು ಮೇಟ್ (ಪಾರ್ಟ್‌ಗಳು ಒಂದಕ್ಕೊಂದು ಹೇಗೆ ಕೂರಬೇಕು ಅನ್ನುವ ಜೋಡಣೆ) ಬದಲಿಸಿದರೆ ಸ್ಕ್ರೀನ್ ನಿಂತೇಬಿಡುತ್ತದೆ. 16 ಜಿಬಿ ರ‍್ಯಾಮ್ ಇದೆ. 64 ಹಾಕಿಸಿ ಅಂತ ಮಾಲೀಕರನ್ನು ಕೇಳಲಾ?

ಉತ್ತರ: ಈಗಲೇ ಕೇಳಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ತುಂಬಿದ್ದು ಕಂಡರೆ ಮಾತ್ರ ಅದಕ್ಕೆ ದುಡ್ಡು ಹಾಕಿ. ರೀಬಿಲ್ಡ್, ಅಂದರೆ ಬದಲಾವಣೆ ಆದಮೇಲೆ ಮಾಡೆಲನ್ನು ಮತ್ತೆ ಲೆಕ್ಕ ಹಾಕಿ ಕಟ್ಟುವುದು, ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ನಡೆಯುತ್ತದೆ, ಹಾಗಾಗಿ 64 ಹಾಕಿದರೂ ಮೇಟ್ ಬದಲಿಸುವಾಗ ಕಾಯುವುದು ತಪ್ಪದೇ ಇರಬಹುದು.

ಲೆಕ್ಕ ಹಾಕಿ ನೋಡಿ. ಮೀಟರಿಗೊಂದು ಐಡ್ಲರ್ ಸೆಟ್ (ಬೆಲ್ಟನ್ನು ಹೊರುವ ರೋಲರ್‌ಗಳ ಗುಂಪು) ಅಂದರೂ 300 ಸೆಟ್, ಸೆಟ್ಟಿಗೆ ಮೂರು ರೋಲರ್, ಒಟ್ಟು 900. ಪ್ರತಿ ರೋಲರ್ ಒಳಗೆ ಬೇರಿಂಗ್, ಸೀಲ್, ಸರ್ಕ್ಲಿಪ್ ಎಲ್ಲಾ ಇಟ್ಟಿದ್ದರೆ, ಹತ್ತು ಪಾರ್ಟ್ ಅಂತ ಹಿಡಿದರೂ 9,000 ಆಯಿತು! ರೋಲರ್ ನೀವು ಮಾಡುವುದಿಲ್ಲ, ರೆಡಿ ತರುತ್ತೀರಿ ಅಲ್ವಾ? ಹಾಗಿದ್ದರೆ ಹೊರಗಿನ ಸಿಲಿಂಡರ್ ಮತ್ತು ಫ್ರೇಮಿನ ಸ್ಲಾಟಿಗೆ ಕೂರುವ ಶಾಫ್ಟ್ ತುದಿ ಇದ್ದರೆ ಸಾಕು, ಎರಡೂ ಒಂದೇ ಪಾರ್ಟ್‌ನಲ್ಲಿ. ಒಂದು ಸೆಟ್ಟನ್ನು ಸಬ್‌ಅಸೆಂಬ್ಲಿ ಮಾಡಿ, ಅದನ್ನೇ ಪ್ಯಾಟರ್ನ್ ಹೊಡೆಯಿರಿ, ಅಂದರೆ ಅದರ ನಕಲುಗಳನ್ನು ಸಮ ಅಂತರದಲ್ಲಿ ಸಾಲಾಗಿ ಇಡಿ. ಒಂದೊಂದಕ್ಕೂ ಬೇರೆ ಮೇಟ್ ಕೊಟ್ಟರೆ ಸತ್ತಿರಿ.

ಗೇರ್‌ಬಾಕ್ಸ್ ಕಂಪನಿಯವರು ಕೊಡುವ ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುವ 3ಡಿ ಫೈಲ್) ಒಳಗೆ ಹಲ್ಲು ಸಮೇತ ಗೇರ್ ಇದ್ದರೆ ಡಿಫೀಚರ್ ಮಾಡಿ, ಅಂದರೆ ಒಳಗಿನ ವಿವರ ತೆಗೆದು ಹೊರಮೈ ಮಾತ್ರ ಉಳಿಸಿ. ಬೋಲ್ಟಿಗೆ ನಿಜವಾದ ಥ್ರೆಡ್ ಕತ್ತರಿಸಿದ್ದರೆ ಅದೂ ಬೇಡ, ಗುರುತು ಮಾತ್ರ ತೋರಿಸುವ ಕಾಸ್ಮೆಟಿಕ್ ಥ್ರೆಡ್ ಸಾಕು.

ಮತ್ತೊಬ್ಬರು: ಸರ್, ಇಷ್ಟೆಲ್ಲಾ ಯಾಕೆ, ಲೈಟ್‌ವೇಟ್‌ನಲ್ಲಿ (ಪಾರ್ಟ್‌ಗಳ ಪೂರ್ತಿ ಡೇಟಾ ಲೋಡ್ ಮಾಡದೆ) ತೆರೆದರೆ ಆಗಲ್ವಾ?

ಉತ್ತರ: ತೆರೆಯೋದು ಬೇಗ ಆಗುತ್ತದೆ, ನಿಜ. ಆದರೆ ಸ್ಕ್ರೀನ್ ಮೇಲೆ ಎಲ್ಲವನ್ನೂ ಬಿಡಿಸಲೇಬೇಕಲ್ಲ. ವಾಕ್‌ವೇ ಗ್ರೇಟಿಂಗ್‌ನ ಒಂದೊಂದು ಕಿಂಡಿ, ಚೆಕರ್ಡ್ ಪ್ಲೇಟಿನ ಒಂದೊಂದು ಉಬ್ಬು ಮಾಡೆಲ್ ಮಾಡಿದ್ದರೆ ತಿರುಗಿಸುವಾಗ ಜರ್ಕ್ ಹೊಡೆಯುತ್ತದೆ. ಅದಕ್ಕೆ ಸಾದಾ ಪ್ಲೇಟ್ ಇಟ್ಟು ಮೇಲೆ ಟೆಕ್ಸ್ಚರ್ ಹಾಕಿ. ಗ್ರಾಹಕರಿಗೆ ಸುಮ್ನೆ ತೋರಿಸೋಕೆ, ಅಳತೆ ತೆಗೆಯೋಕೆ ಆದರೆ ಬೇಗ ತೆರೆದು ನೋಡುವ ಲಾರ್ಜ್ ಡಿಸೈನ್ ರಿವ್ಯೂ ಮೋಡ್ ಇದೆ. ಯಾವುದು ಭಾರ ಅಂತ ಗೊತ್ತಾಗದಿದ್ದರೆ ಇವ್ಯಾಲ್ಯುಯೇಟ್ ಟ್ಯಾಬ್‌ನ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್ ಹೇಳುತ್ತದೆ. ಕೈಗೆ ಸಿಕ್ಕಿದ್ದನ್ನು ಸಪ್ರೆಸ್ ಮಾಡುವ (ಮಾಡೆಲ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿಡುವ) ಮೊದಲು ಅದನ್ನು ನೋಡಿ.

ಪ್ರಶ್ನೆ ಕೇಳಿದವರು: ರೋಲರ್ ಬದಲಿಸಿದೆ ಸರ್, ಎಷ್ಟೋ ಹಗುರ ಆಯಿತು. ಆದರೆ ಒಟ್ಟು ತೂಕ ವಿಪರೀತ ಜಾಸ್ತಿ ತೋರಿಸುತ್ತಿದೆ.

ಉತ್ತರ: ಟೊಳ್ಳು ರೋಲರ್ ಈಗ ಗಟ್ಟಿ ಉಕ್ಕಿನ ದಿಮ್ಮಿ ಆಗಿದೆ, ಅದಕ್ಕೆ. ಮಾಸ್ ಪ್ರಾಪರ್ಟೀಸ್‌ನಲ್ಲಿ ಓವರ್‌ರೈಡ್ ಕೊಟ್ಟು ಕ್ಯಾಟಲಾಗ್ ತೂಕ ಹಾಕಿ. ಡಿಫೀಚರ್ ಮಾಡಿದ ಗೇರ್‌ಬಾಕ್ಸಿಗೂ ತೂಕ, ಸೆಂಟರ್ ಆಫ್ ಗ್ರಾವಿಟಿ ಎರಡನ್ನೂ ಹಾಕಿ, ಕ್ರೇನ್ ಮತ್ತು ಫೌಂಡೇಷನ್‌ನವರು ಅದೇ ಅಂಕಿ ಹಿಡಿಯುತ್ತಾರೆ. ಹಳೆಯ ರೋಲರ್ ಫೈಲ್ ಮಾತ್ರ ಅಳಿಸಬೇಡಿ, ಸ್ಪೇರ್ಸ್ ಡ್ರಾಯಿಂಗ್ ಕೇಳಿಕೊಂಡು ಬಂದೇ ಬರುತ್ತಾರೆ.