ಡ್ರಮ್ಮಿನ ಮೇಲಿನ ‘ಡೇಂಜರ್’ಗೆ ಕನ್ನಡ ಪದ, ನಾಳೆ ಬೆಳಿಗ್ಗೆಯೊಳಗೆ ಬೇಕು

ಬೆಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಥಿನ್ನರ್ ಕಾರ್ಖಾನೆಗೆ 200 ಲೀಟರ್ ಡ್ರಮ್ಮಿನ ಲೇಬಲ್ ಕನ್ನಡ ಮಾಡಿಕೊಡುತ್ತಿದ್ದೇನೆ. ಒಳಗಿರುವುದು ಟೊಲುಯೀನ್, ಬಣ್ಣ ತೆಳು ಮಾಡುವ ದ್ರಾವಕ. ನಾಳೆ ಹತ್ತು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ರಾಸಾಯನಿಕಗಳನ್ನು ವರ್ಗ ಮಾಡಿ ಲೇಬಲ್ ಹಾಕುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯ ಲೇಬಲ್ಲು. ಅದರಲ್ಲಿ ದಪ್ಪಕ್ಷರದ ಸಂಕೇತಪದ ಎರಡೇ, ಡೇಂಜರ್ ಮತ್ತು ವಾರ್ನಿಂಗ್. ನಾನು ‘ಅಪಾಯ’, ‘ಎಚ್ಚರಿಕೆ’ ಎಂದು ಹಾಕಿಕೊಂಡೆ. ಆದರೆ ಜೊತೆಗೆ ಕೊಡುವ ಸುರಕ್ಷತಾ ಹಾಳೆಯಲ್ಲಿ ಹ್ಯಾಜರ್ಡ್, ರಿಸ್ಕ್ ಬೇರೆ ಇವೆ. ಅಲ್ಲೂ ‘ಅಪಾಯ’ವೇ ಬಂದು ಕೂತಿದೆ. ಎಣಿಸಿದೆ, ಒಂದೇ ಪುಟದಲ್ಲಿ ಹದಿನೇಳು ಅಪಾಯ. ಇನ್ನೊಂದು: ‘ಹೈಲಿ ಫ್ಲೇಮಬಲ್ ಲಿಕ್ವಿಡ್ ಅಂಡ್ ವೇಪರ್’ಗೆ ‘ಅತಿ ದಹನಶೀಲ ದ್ರವ ಮತ್ತು ಆವಿ’ ನಡೆಯುತ್ತದೆಯೇ?

ಮೈಸೂರಿನಿಂದ:
ಹ್ಯಾಜರ್ಡ್‌ಗೆ ‘ಅಪಾಯ’ ತಪ್ಪು. ಅಪ, ಅಯ: ದೂರ ಸರಿಯುವುದು, ಕಳೆದುಹೋಗುವುದು. ಉಪಾಯದ ಎದುರು ಪದ. ಅಪಾಯವೆಂದರೆ ಆದ ನಷ್ಟ, ಆಗಬಹುದಾದದ್ದಲ್ಲ. ಹ್ಯಾಜರ್ಡ್ ‘ಆಪದ್ಗುಣ’, ರಿಸ್ಕ್ ‘ಆಪತ್ಸಂಭವ’. ಹೈಲಿ ಫ್ಲೇಮಬಲ್ ‘ಆಶುದಾಹ್ಯ’. ಚರ್ಚೆಗೆ ಜಾಗವಿಲ್ಲ.

ಸಾಗರದಿಂದ:
ಡ್ರಮ್ಮು ಉರುಳಿಸುವವನಿಗೆ ‘ಆಶುದಾಹ್ಯ’ ಓದಿಸಲು ಪಕ್ಕದಲ್ಲೊಬ್ಬ ಪುರೋಹಿತರನ್ನೂ ನಿಲ್ಲಿಸಿ. ‘ಎಚ್ಚರಿಕೆ’ ನಮ್ಮದೇ ಪದ. ಹಳಗನ್ನಡದ ಎೞ್ಚಱ್, ‘ಏಳು’ವಿನ ನೆಂಟ, ಮಲಗಿದವನನ್ನು ಎಬ್ಬಿಸುವ ಮಾತು. ಎರಡು ಮೆಟ್ಟಿಲು ಬೇಕಿದ್ದರೆ ‘ಕಡು ಎಚ್ಚರಿಕೆ’, ‘ಎಚ್ಚರಿಕೆ’ ಸಾಕು. ಟಾಕ್ಸಿಕ್‌ಗೆ ‘ನಂಜಿನ’. ಸಂಸ್ಕ್ರುತದ ಬಾರ ಹೊರಿಸಬೇಡಿ.

ಮೈಸೂರಿನಿಂದ:
ನಂಜು ಎಂದರೆ ಇಂದು ಗಾಯ ಕೀವಾಗುವುದು. ವಿಷ ಕುಡಿದ ಅರ್ಥ ಉಳಿದಿರುವುದು ನಂಜುಂಡೇಶ್ವರನಲ್ಲಿ ಮಾತ್ರ. ‘ಎಚ್ಚರಿಕೆ’ಯನ್ನು ಮನೆ ಗೇಟಿನ ‘ನಾಯಿ ಇದೆ’ ಈಗಾಗಲೇ ತೆಗೆದುಕೊಂಡಿದೆ. ‘ಭಾರ’ವನ್ನು ‘ಬಾರ’ ಎಂದು ಬರೆಯುವವರೊಂದಿಗೆ ಇದಕ್ಕಿಂತ ಹೆಚ್ಚು ವಾದ ಬೇಡ.

ರಾಯಚೂರಿನಿಂದ:
ಇಬ್ಬರೂ ಒಮ್ಮೆ ಗೊಬ್ಬರದಂಗಡಿಗೆ ಹೋಗಿ ಬನ್ನಿ. 1971ರ ಕೀಟನಾಶಕ ನಿಯಮದಂತೆ ಡಬ್ಬದ ಮೇಲೆ ನಾಲ್ಕು ಬಣ್ಣ, ಹೆಚ್ಚು ವಿಷದಿಂದ ಕಡಿಮೆ ವಿಷಕ್ಕೆ. ಕೆಂಪಿಗೂ ಹಳದಿಗೂ ‘ಪಾಯಿಸನ್’, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಶನ್’. ಅಲ್ಲಿ ಡೇಂಜರ್ ಮೂರನೇ ಮೆಟ್ಟಿಲು, ಜಿಎಚ್‌ಎಸ್‌ನಲ್ಲಿ ಮೊದಲನೆಯದು. ಒಂದೇ ಪದ, ತಲೆಕೆಳಗು ಲೆಕ್ಕ. ನಮ್ಮ ಕಡೆಯ ರೈತ ಪದ ಓದುವುದಿಲ್ಲ, ಬಣ್ಣ ನೋಡುತ್ತಾನೆ. ‘ಕಡು’ ಸೇರಿಸಿದರೆ ಆಗದು, ಸಂಕೇತಪದ ಒಂದೇ ಪದವಾಗಿರಬೇಕು. ಡೇಂಜರ್ ಬಂದ ಲೇಬಲ್ಲಿನಲ್ಲಿ ವಾರ್ನಿಂಗ್ ಬರುವುದೂ ಇಲ್ಲ. ಯುರೋಪಿನಲ್ಲಿ ಜರ್ಮನ್ನರು ‘ಗೆಫಾರ್’, ‘ಆಖ್ಟುಂಗ್’ ಎನ್ನುತ್ತಾರೆ, ಫ್ರೆಂಚರು ‘ದಾಂಜೇ’, ‘ಅತಾಂಸಿಯೋಂ’. ಎರಡನೆಯದಕ್ಕೆ ಇಬ್ಬರೂ ಹಿಡಿದದ್ದು ‘ಗಮನವಿರಲಿ’ ಎಂಬ ಪದ. ‘ಎಚ್ಚರಿಕೆ’ಗೆ ಏನು ದೋಷ? ‘ಅಪಾಯ’ ಪ್ರತಿ ಟ್ರಾನ್ಸ್‌ಫಾರ್ಮರ್ ಮೇಲೆ ತಲೆಬುರುಡೆಯ ಜೊತೆಗಿದೆ. ಅದನ್ನು ಓದಿ ‘ನಷ್ಟ ಆಗಿಹೋಗಿದೆ’ ಎಂದುಕೊಂಡು ಕಂಬ ಹತ್ತಿದವರನ್ನು ನಾನು ಕಂಡಿಲ್ಲ.

ಹಾರೋಹಳ್ಳಿಯಿಂದ:
ಮೇಡಂ, ನಾನು ಪಂಡಿತ ಅಲ್ಲ. ಸೇಫ್ಟಿ ಆಫೀಸರ್, ಇಪ್ಪತ್ತೆರಡು ವರ್ಷದ ಕೆಲಸ. ಟೊಲುಯೀನಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬರುವ ಕನಿಷ್ಠ ಉಷ್ಣತೆ, 4 ಡಿಗ್ರಿ ಸೆಲ್ಸಿಯಸ್. ಡ್ರಮ್ಮು ಮುಚ್ಚಿದ್ದರೂ 4, ಬಾಯಿ ತೆಗೆದಿದ್ದರೂ 4. ಅದು ಹ್ಯಾಜರ್ಡ್, ವಸ್ತುವಿನ ಹುಟ್ಟುಗುಣ. ಬಾಯಿ ತೆಗೆದು ಪಕ್ಕದಲ್ಲಿ ವೆಲ್ಡಿಂಗ್ ಹಚ್ಚಿದರೆ ಅದು ರಿಸ್ಕ್. ಜಿಎಚ್‌ಎಸ್ ವರ್ಗ ಮಾಡುವುದು ಹ್ಯಾಜರ್ಡನ್ನು ಮಾತ್ರ: ಫ್ಲ್ಯಾಶ್ ಪಾಯಿಂಟ್ 23ಕ್ಕಿಂತ ಕಡಿಮೆ, ಕುದಿಯುವುದು 35 ದಾಟಿದ ಮೇಲೆ, ಹಾಗಾಗಿ ಎರಡನೇ ವರ್ಗ, ಹಾಗಾಗಿ ಡೇಂಜರ್. ಲೇಬಲ್ಲಿಗೆ ರಿಸ್ಕ್ ಪದ ಬೇಕಾಗೇ ಇಲ್ಲ. ಹಾಳೆಯಲ್ಲಿ ‘ರಿಸ್ಕ್’ ಅಂತಲೇ ಬಿಡಿ, ‘ರಿಸ್ಕ್ ತಗೋಬೇಡ್ವೋ’ ಅಂತ ನಮ್ಮ ಶೆಡ್ಡಿನಲ್ಲಿ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಹ್ಯಾಜರ್ಡ್‌ಗೆ ‘ಅಪಾಯದ ಗುಣ’ ಅಂದರೆ ನನಗೆ ತಿಳಿಯುತ್ತದೆ.

ನೀವ್ಯಾರೂ ಮುಟ್ಟದ ಪದ ‘ಆವಿ’. ಅದೇ ನನಗೆ ಕಾಟ ಕೊಟ್ಟದ್ದು. ‘ಆವಿಗೆ ಬೆಂಕಿ ಹತ್ತುತ್ತದೆ’ ಅಂತ ಬೋರ್ಡ್ ಬರೆಸಿದ್ದೆ. ಹೊಸದಾಗಿ ಸೇರಿದ ಹುಡುಗ, ಎಸ್ಸೆಸ್ಸೆಲ್ಸಿ ಪಾಸಾದವನು, ಓದಿದ. ಡ್ರಮ್ಮಿನ ಹೊಟ್ಟೆಗೆ ಅಂಗೈ ಇಟ್ಟು ನೋಡಿದ. ‘ತಣ್ಣಗೈತಲ್ಲ ಸಾರ್, ಆವಿ ಎಲ್ಲಿಂದ ಬತ್ತದೆ?’ ಅಂದ. ಅವನಿಗೆ ಆವಿ ಅಂದರೆ ಇಡ್ಲಿ ಪಾತ್ರೆ. ಈ ಆವಿ ಕಣ್ಣಿಗೆ ಕಾಣುವುದಿಲ್ಲ, ಗಾಳಿಗಿಂತ ಮೂರು ಪಟ್ಟು ಭಾರ, ನೆಲ ಹಿಡಿದು ಹರಿದು ದೂರದ ಕಿಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಖಾಲಿ ಡ್ರಮ್ಮಿನಲ್ಲೂ ಉಳಿದಿರುತ್ತದೆ. ಅಂಥದ್ದಕ್ಕೆ ಗ್ಯಾಸ್ ಕಟರ್ ಹಿಡಿದರೆ ಡ್ರಮ್ಮೇ ಸಿಡಿಯುತ್ತದೆ. ‘ಗ್ಯಾಸ್’ ಅನ್ನಿ, ಹುಡುಗರು ತಕ್ಷಣ ಬೀಡಿ ಆರಿಸುತ್ತಾರೆ.

ಮೈಸೂರಿನಿಂದ:
ಸ್ವಾರಸ್ಯ. ‘ಆವಿ’ ದ್ರಾವಿಡ ಪದ, ಸಂಸ್ಕೃತವಾಗಿದ್ದರೆ ‘ಬಾಷ್ಪ’. ಸಾಗರದವರ ಅಚ್ಚಗನ್ನಡವೇ ಶೆಡ್ಡಿನಲ್ಲಿ ಕೈಕೊಟ್ಟಂತಾಯಿತು.

ಸಾಗರದಿಂದ:
ಆವಿ ಕಯ್ಕೊಟ್ಟಿಲ್ಲ. ಹತ್ತು ವರುಶ ಕನ್ನಡದಲ್ಲಿ ಕಲಿತ ಹುಡುಗನಿಗೆ ಸೀಮೆಎಣ್ಣೆ ತಣ್ಣಗಿದ್ದೂ ಆವಿಯಾಗುತ್ತದೆ ಎಂದು ಹೇಳಿಕೊಡದ ಪಾಟ ಕಯ್ಕೊಟ್ಟಿದೆ. ಅದಕ್ಕೆ ಇಂಗ್ಲಿಶಿನ ಗ್ಯಾಸೇ ಮದ್ದು?

ರಾಯಚೂರಿನಿಂದ:
ಗ್ಯಾಸ್ ಇಂಗ್ಲಿಷಿನ ಹುಟ್ಟೂ ಅಲ್ಲ. ವಾನ್ ಹೆಲ್ಮಾಂಟ್ ಎಂಬ ರಸಾಯನಶಾಸ್ತ್ರಿ ಗ್ರೀಕಿನ ‘ಖಾಓಸ್’ ಹಿಡಿದು ಮಾಡಿದ ಪದ. ಇಂಗ್ಲಿಷರೂ ಎರವಲು ತಂದವರೇ. ಅವರು ತಂದರೆ ಸಿರಿವಂತಿಕೆ, ನಾವು ತಂದರೆ ಗುಲಾಮಗಿರಿ, ಇದ್ಯಾವ ಲೆಕ್ಕ?

ಸಾಗರದಿಂದ:
ಅವರು ತಂದು ತಮ್ಮದು ಮಾಡಿಕೊಂಡರು. ನಾವು ತಂದು ನಮ್ಮದನ್ನು ಬಿಸಾಡುತ್ತೇವೆ. ಇದೇ ಲೆಕ್ಕ.

ಹಾರೋಹಳ್ಳಿಯಿಂದ:
ಮೇಡಂ, ಒಂದು ಮಾತು. ಹ್ಯಾಜರ್ಡ್ ವಾಕ್ಯಗಳ ಒಕ್ಕಣೆ ಗೊತ್ತುಮಾಡಿದ್ದು, ಅದರೊಳಗೆ ನಿಮ್ಮದೇನೂ ಸೇರಿಸಬೇಡಿ. ಬಿಡಿಸಿ ಹೇಳುವುದಿದ್ದರೆ ಹೆಚ್ಚಿನ ಮಾಹಿತಿ ಅಂತ ಕೆಳಗೆ ಬೇರೆ ಸಾಲು ಹಾಕಿ.

ಬೆಂಗಳೂರಿನಿಂದ:
ಎಲ್ಲರಿಗೂ ಧನ್ಯವಾದ. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ಹೋಗುತ್ತಿರುವುದು ಹೀಗೆ. ದಪ್ಪಕ್ಷರದಲ್ಲಿ ‘ಅಪಾಯ’. ಅದರಡಿ ‘ಬಹಳ ಬೇಗ ಹೊತ್ತಿಕೊಳ್ಳುವ ದ್ರವ ಮತ್ತು ಆವಿ’. ಕೆಳಗೆ ಬೇರೆ ಸಾಲಿನಲ್ಲಿ: ‘ಡ್ರಮ್ಮು ತಣ್ಣಗಿದ್ದರೂ, ಖಾಲಿಯಿದ್ದರೂ ಕಣ್ಣಿಗೆ ಕಾಣದ ಗ್ಯಾಸ್ ಬರುತ್ತದೆ. ಬೆಂಕಿ, ಕಿಡಿ ಹತ್ತಿರ ತರಬೇಡಿ.’

ಸಾಗರದಿಂದ:
‘ದ್ರವ’ ಯಾಕೆ ಉಳಿಯಿತು?