ಸಹಾಯ ಬೇಕು: ಬೆಳದಿಂಗಳ ನೆಲ, ಚಂದ್ರ ಎರಡೂ ಒಂದೇ ಚಿತ್ರದಲ್ಲಿ ಹೇಗೆ?

ಹುಣ್ಣಿಮೆ ಚಂದ್ರನೊಬ್ಬನನ್ನೇ ತೆಗೆಯುವುದು ಕಷ್ಟವಲ್ಲ: ಐಎಸ್‌ಒ 100 (ಸೆನ್ಸರ್‌ನ ಬೆಳಕಿನ ಸಂವೇದನೆ), ಎಫ್/11 (ಲೆನ್ಸ್ ರಂಧ್ರದ ಅಳತೆ), 1/100 ಸೆಕೆಂಡಿಗೆ ಕಲೆಗಳೆಲ್ಲ ಸ್ಪಷ್ಟ. ಎಷ್ಟಾದರೂ ಬಿಸಿಲು ಬಿದ್ದ ಬಂಡೆ ತಾನೆ! ತೊಡಕಿರುವುದು ನೆಲದಲ್ಲಿ. ಬೆಳದಿಂಗಳು ಕಾಲು ಲಕ್ಸ್ ಆಸುಪಾಸು ಅಷ್ಟೇ. ಐಎಸ್‌ಒ 1600, ಎಫ್/4 ಇಟ್ಟರೂ 4 ಸೆಕೆಂಡ್ ಬೇಕು. ವ್ಯತ್ಯಾಸ ಸುಮಾರು 15-16 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ದುಪ್ಪಟ್ಟು). ಕ್ಯಾಮೆರಾದ ಸಂಸ್ಕರಿಸದ ರಾ ಫೈಲ್‌ನಿಂದಲೂ ಅಷ್ಟು ಎಳೆಯಲಾಗದು.

ಹಾಗಾಗಿ ಟ್ರೈಪಾಡ್ ಅಲುಗಿಸದೆ ಎರಡು ಎಕ್ಸ್‌ಪೋಶರ್ ತೆಗೆದು ಜೋಡಿಸುತ್ತಿದ್ದೇನೆ. 300 ಎಂಎಂ ಲೆನ್ಸ್. ಯುವಿ ಫಿಲ್ಟರ್ ಬಿಚ್ಚಿದ್ದೇನೆ, ಇಲ್ಲದಿದ್ದರೆ ಚಂದ್ರನ ಪ್ರತಿಫಲನ ಹಸಿರು ಚುಕ್ಕೆಯಾಗಿ ಕೂರುತ್ತದೆ. ಫೋಕಸ್ ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ಕೈಯಲ್ಲೇ.

ಎಡವುವುದು ಇಲ್ಲಿ: ಉದ್ದದ ಎಕ್ಸ್‌ಪೋಶರ್‌ನಲ್ಲಿ ಚಂದ್ರ ಉರಿದು, ಸುತ್ತ ಬಿಂಬಕ್ಕಿಂತ ದೊಡ್ಡ ಬಿಳಿ ಪ್ರಭೆ ಏಳುತ್ತದೆ. ಜತೆಗೆ 4 ಸೆಕೆಂಡಿನಲ್ಲಿ ಇಪ್ಪತ್ತು ಪಿಕ್ಸೆಲ್‌ನಷ್ಟು ಸರಿಯುತ್ತಾನೆ. ಕಡಿಮೆ ಎಕ್ಸ್‌ಪೋಶರ್‌ನ ಚಿಕ್ಕ ಬಿಂಬವನ್ನು ಆ ಪ್ರಭೆಯೊಳಗೆ ಕೂರಿಸಿದರೆ ಅಂಚು ಅಂಟಿಸಿದಂತೆ ಕಾಣುತ್ತದೆ.

ನಡುವೆ 1/8, 1/2 ಸೆಕೆಂಡಿನ ಫ್ರೇಮ್‌ಗಳನ್ನೂ ತೆಗೆದು ಲ್ಯುಮಿನಾಸಿಟಿ ಮಾಸ್ಕ್ (ಹೊಳಪಿನ ಮೇಲೆ ಭಾಗಗಳನ್ನು ಆರಿಸುವ ಮುಸುಕು) ಹಾಕಿದರೆ ಪ್ರಭೆ ಸಹಜವಾಗುತ್ತದೆಯೇ? ಮಾಸ್ಕ್‌ಗೆ ಎಷ್ಟು ಫೆದರ್ (ಅಂಚಿನ ಮೃದುತನ) ಕೊಡುತ್ತೀರಿ? ಹುಣ್ಣಿಮೆಯ ಹಿಂದಿನ ಸಂಜೆ ತೆಗೆಯುವ ಉಪಾಯ ಗೊತ್ತು. ಆದರೆ ಅದು ಮುಸ್ಸಂಜೆ ಬೆಳಕು, ಬೆಳದಿಂಗಳಲ್ಲ. ಅರ್ಧಚಂದ್ರನಲ್ಲಿ ಪ್ರಯತ್ನಿಸಿದವರಿದ್ದರೆ ಸೆಟ್ಟಿಂಗ್ ತಿಳಿಸಿ. ಆಗ ಬೆಳಕು ಅರ್ಧವಲ್ಲ, ಹತ್ತನೇ ಒಂದು ಭಾಗದಷ್ಟೇ ಇರುತ್ತದೆ.